ಕೋಚ್ ನನ್ನ ಕ್ಲಾಸಿಗೆ ಸೇರಿದ ವರ್ಷ

ನಾನು ಪಾಠ ಮಾಡುವ ಕಾಲೇಜು ಬೇ ಏರಿಯಾದ ಪೂರ್ವದ ದಂಡೆಯಲ್ಲಿದೆ. ನೆವಾರ್ಕಿನ ನಮ್ಮ ಮನೆಯಿಂದ ಫ್ರೀವೇ ಖಾಲಿ ಇದ್ದರೆ ಇಪ್ಪತ್ತು ನಿಮಿಷ, ಇಲ್ಲದಿದ್ದರೆ ದೇವರೇ ಗತಿ. ಅದು ಎರಡು ವರ್ಷದ ಕಾಲೇಜು. ದೊಡ್ಡ ಯೂನಿವರ್ಸಿಟಿಗೆ ನೇರವಾಗಿ ಹೋಗಲು ಅನುಕೂಲವೋ ಮಾರ್ಕ್ಸೋ ಧೈರ್ಯವೋ ಸಾಲದವರು ಮೊದಲು ನಮ್ಮಲ್ಲಿಗೆ ಬರುತ್ತಾರೆ, ಎರಡು ವರ್ಷ ಓದಿ ಆಮೇಲೆ ಅಲ್ಲಿಗೆ ದಾಟುತ್ತಾರೆ. ನಾನು ಹೇಳಿಕೊಡುವುದು ಸಂಖ್ಯಾಶಾಸ್ತ್ರ. ಇಷ್ಟಪಟ್ಟು ಅದನ್ನು ಓದಿದವರನ್ನು ಈ ಹದಿನೈದು ವರ್ಷದಲ್ಲಿ ಬೆರಳೆಣಿಕೆಯಷ್ಟು ಕಂಡಿದ್ದೇನೆ. ಉಳಿದವರೆಲ್ಲ ಕಡ್ಡಾಯ ಎನ್ನುವ ಕಾರಣಕ್ಕೆ ಬಂದು ಕೂರುತ್ತಾರೆ.

ಒಂದು ಸೆಪ್ಟೆಂಬರ್ ಮಧ್ಯಾಹ್ನ ನನ್ನ ಆಫೀಸಿನ ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ತಲೆಯೆತ್ತಿ ನೋಡಿದರೆ ಒಬ್ಬ ಹೆಂಗಸು ಚೌಕಟ್ಟಿಗೆ ತಲೆ ತಾಗದಂತೆ ಸ್ವಲ್ಪ ಬಗ್ಗಿ ನಿಂತಿದ್ದಳು. ಆರಡಿ ಮೂರಂಗುಲವಾದರೂ ಇದ್ದಾಳು. ನಮ್ಮ ಬಾಗಿಲು ಅಷ್ಟು ಗಿಡ್ಡವೇನಲ್ಲ. ಯೂರೋಪಿನ ಹಳೆಯ ಮನೆಗಳಲ್ಲಿ ಹತ್ತು ವರ್ಷ ತಲೆ ಚಚ್ಚಿಸಿಕೊಂಡು ಬಂದ ಅಭ್ಯಾಸ ಅದು ಎಂದು ಆಮೇಲೆ ಗೊತ್ತಾಯಿತು.

"ನಾನು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡದ ಹೊಸ ಕೋಚ್. ನನ್ನ ಮೂವರು ಹುಡುಗಿಯರು ನಿಮ್ಮ ಕ್ಲಾಸಿನಲ್ಲಿದ್ದಾರೆ" ಎಂದಳು.

ಇದು ನನಗೆ ಹೊಸದಲ್ಲ. ಕಾಲೇಜಿನ ತಂಡದಲ್ಲಿ ಆಡಬೇಕಾದರೆ ಓದಿನಲ್ಲಿ ಇಷ್ಟು ಅಂತ ಮಾರ್ಕ್ಸ್ ಇರಲೇಬೇಕು. ಹಿಂದಿನ ಕೋಚುಗಳು ಸೆಮಿಸ್ಟರಿನ ಕೊನೆಯ ವಾರ ಬಂದು, ಮನೆಯ ಕಷ್ಟ ಸುಖ ಹೇಳಿ, ಎರಡು ಮಾರ್ಕ್ಸ್ ಆಚೀಚೆ ಮಾಡಲಾದೀತೇ ಎಂದು ನಗುತ್ತಾ ಕೇಳುತ್ತಿದ್ದರು. ನಾನು ಮುಖ ಗಂಟಿಕ್ಕಿಕೊಂಡು ಸಿದ್ಧಳಾದೆ.

"ಅವರನ್ನು ಫೇಲ್ ಮಾಡಬೇಕಾಗಿ ಬಂದರೆ ಮಾಡಿ. ನಾನು ಕೇಳಲ್ಲ. ಆದರೆ ಮೂರನೇ ವಾರಕ್ಕೇ ಹೇಳಿ, ಹದಿನೈದನೇ ವಾರಕ್ಕಲ್ಲ. ಪ್ರತಿ ಶುಕ್ರವಾರ ಅವರೇ ಒಂದು ಚೀಟಿ ತರುತ್ತಾರೆ. ಕ್ಲಾಸಿಗೆ ಬಂದರಾ, ಮನೆಕೆಲಸ ಕೊಟ್ಟರಾ, ಇಷ್ಟೇ ಬರೆದು ಸಹಿ ಹಾಕಿದರೆ ಸಾಕು."

ಗಂಟಿಕ್ಕಿದ ಮುಖವನ್ನು ಸಡಿಲ ಮಾಡಲು ನನಗೇ ಸ್ವಲ್ಪ ಹೊತ್ತು ಹಿಡಿಯಿತು.

ಆಕೆ ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ಅದನ್ನು ಇಲ್ಲಿ ಕನ್ನಡದಲ್ಲಿ ಹೇಳುವಾಗ ಮೊದಲ ವರ್ಷದ 'ಯೂ'ಗಳನ್ನು 'ನೀವು' ಎಂದೂ ಆಮೇಲಿನವನ್ನು 'ನೀನು' ಎಂದೂ ಬರೆಯುತ್ತೇನೆ. ಇಂಗ್ಲಿಷಿಗೆ ಆ ವ್ಯತ್ಯಾಸ ಗೊತ್ತಿಲ್ಲದಿದ್ದರೂ ನನ್ನ ಕಿವಿಗೆ ಗೊತ್ತಾಗಿತ್ತು. ಹೆಸರಿನ ಗೊಡವೆ ನಮಗೆ ಯಾವತ್ತೂ ಬರಲಿಲ್ಲ. ಆಕೆಗೆ ನಾನು ಪ್ರೊಫೆಸರ್, ನನಗೆ ಆಕೆ ಕೋಚ್.

ಆ ವರ್ಷ ತಂಡದಲ್ಲಿ ಇದ್ದದ್ದು ಏಳು ಜನ. ಐದು ಜನ ಕೋರ್ಟಿನಲ್ಲಿ, ಇಬ್ಬರು ಬೆಂಚಿನಲ್ಲಿ. ಅವರಲ್ಲಿ ಒಬ್ಬಳಿಗೆ ನೆಗಡಿ ಬಂದರೆ ಕೋಚ್ ಮುಖ ಸಪ್ಪಗಾಗುತ್ತಿತ್ತು. ಪಂದ್ಯದ ಸ್ಕೋರ್ ಬುಕ್ ಬರೆಯುತ್ತಿದ್ದ ಮನುಷ್ಯ ನವೆಂಬರಿನಲ್ಲಿ ಬೇರೆ ಊರಿಗೆ ಹೊರಟುಹೋದ. ಚೀಟಿಗೆ ಸಹಿ ಹಾಕಿಸಲು ಬಂದ ಹುಡುಗಿಯೊಬ್ಬಳ ಹತ್ತಿರ ನಾನು ಬಾಯಿ ತಪ್ಪಿ, ಮೈಸೂರಿನ ಹೈಸ್ಕೂಲಿನಲ್ಲಿ ನಾನೂ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದೆ, ಕೈ ಮುರಿದುಕೊಂಡ ವರ್ಷ ಸ್ಕೋರ್ ಬರೆಯುತ್ತಿದ್ದೆ ಎಂದುಬಿಟ್ಟೆ. ಮಾರನೆಯ ದಿನವೇ ಕೋಚ್ ಹಾಜರು.

"ಪ್ರೊಫೆಸರ್, ನಿಮಗೆ ಸ್ಕೋರ್ ಬರೆಯಕ್ಕೆ ಬರುತ್ತಂತೆ?"

"ಮೂವತ್ತು ವರ್ಷದ ಹಿಂದೆ ಬರುತ್ತಿತ್ತು."

"ಒಂದು ಬ್ಯಾಸ್ಕೆಟ್‌ಗೆ ಆಗಲೂ ಎರಡೇ ಪಾಯಿಂಟು" ಎಂದು ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು ಹೋದಳು.

ಮನೆಯಲ್ಲಿ ಹೇಳಿದಾಗ ನನ್ನ ಗಂಡ ಈಳಿಗೆಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ಅವರದು ಉಡುಪಿ. ಇಪ್ಪತ್ತು ವರ್ಷ ಈ ದೇಶದಲ್ಲಿದ್ದರೂ ಮಾತು ಅಲ್ಲಿಯದೇ.

"ಎಂತ ಮಾರಾಯ್ತಿ, ಪೇಪರ್ ನೋಡ್ಲಿಕ್ಕೇ ನಿಂಗೆ ಪುರುಸೊತ್ತಿಲ್ಲ. ಇನ್ನು ಇದೂ ಉಂಟಾ?"

"ವಾರಕ್ಕೆ ಎರಡೇ ಪಂದ್ಯ ಕಣ್ರೀ."

"ಹೋಗು ಹೋಗು. ನಿನ್ನ ಮುಖ ನೋಡಿದ್ರೆ ಗೊತ್ತಾಗ್ತದೆ, ಆಗ್ಲೇ ಒಪ್ಪಿ ಬಂದಿದ್ದಿ."

ಹೀಗೆ ನಾನು ತಂಡದ ವ್ಯಾನಿನಲ್ಲಿ ಮುಂದಿನ ಸೀಟಿನ ಪ್ರಯಾಣಿಕಳಾದೆ. ವ್ಯಾನು ಓಡಿಸುವುದು ಕೋಚೇ. ಹಿಂದೆ ಏಳು ಹುಡುಗಿಯರು ಕಿವಿಗೆ ಇಯರ್‌ಫೋನು ತುರುಕಿಕೊಂಡು ಮಲಗುತ್ತಿದ್ದರು. ಫ್ರೀವೇಯಲ್ಲಿ ಕಾರುಗಳು ಇಂಚಿಂಚಾಗಿ ಸರಿಯುವಾಗ ಆಕೆ ತನ್ನ ಕತೆ ಹೇಳುತ್ತಿದ್ದಳು, ಒಂದೇ ಸಲಕ್ಕಲ್ಲ, ಟ್ರಾಫಿಕ್ ಎಷ್ಟು ಬಿಡುತ್ತದೋ ಅಷ್ಟು.

ಹುಟ್ಟಿದ್ದು ಓಕ್ಲೆಂಡಿನಲ್ಲಿ. ತಾಯಿ ಸಿಟಿ ಬಸ್ಸು ಓಡಿಸುತ್ತಿದ್ದಳು. ಸಂಜೆ ತಾಯಿಯ ಪಾಳಿ ಮುಗಿಯುವವರೆಗೆ ಮಗಳು ಪಾರ್ಕಿನ ಕೋರ್ಟಿನಲ್ಲಿ ಇರಬೇಕು ಎನ್ನುವುದು ಮನೆಯ ಕಟ್ಟಳೆ. ಆಟ ಹಿಡಿದದ್ದು ಹಾಗೆ. ಹದಿನಾಲ್ಕು ವರ್ಷಕ್ಕೇ ಆರಡಿ ದಾಟಿದ್ದಳು. ಆಟದ ಬಲದ ಮೇಲೆ ಒಂದು ಯೂನಿವರ್ಸಿಟಿ ಪೂರ್ತಿ ಸ್ಕಾಲರ್‌ಶಿಪ್ ಕೊಟ್ಟು ಕರೆದುಕೊಂಡಿತು. ಕೊನೆಯ ವರ್ಷದ ವಸಂತದಲ್ಲಿ ದೇಶದ ದೊಡ್ಡ ಲೀಗಿನ ತಂಡವೊಂದು ಆರಿಸಿತು. ಎರಡು ವಿಷಯ ಬಾಕಿ ಉಳಿಸಿ, ಮುಂದಿನ ವರ್ಷ ಬಂದು ಮುಗಿಸುತ್ತೇನೆ ಎಂದು ಹೊರಟಳು. ಆ ಮುಂದಿನ ವರ್ಷ ಬರಲೇ ಇಲ್ಲ.

ದೊಡ್ಡ ಲೀಗಿನಲ್ಲಿ ಇದ್ದದ್ದು ಎರಡು ಋತು, ಹೆಚ್ಚು ಹೊತ್ತು ಬೆಂಚಿನ ಮೇಲೆ. ಮೂರನೆಯ ಋತು ಶುರುವಾಗುವ ಮುಂಚೆ ಒಂದು ಹೋಟೆಲಿನ ತಿಂಡಿ ಕೋಣೆಯಲ್ಲಿ ಬಟ್ಟಲಿಗೆ ಹಾಲು ಸುರಿದುಕೊಳ್ಳುತ್ತಿದ್ದಾಗ ತಂಡದ ಮ್ಯಾನೇಜರ್ ಪಕ್ಕಕ್ಕೆ ಬಂದು, ಒಂದು ನಿಮಿಷ ಮಾತಾಡಬಹುದೇ ಎಂದ. ಆಕೆಯನ್ನು ತಂಡದಿಂದ ಕೈಬಿಟ್ಟಿದ್ದರು.

"ಅವನು ಮಾತಾಡ್ತಾ ಇದ್ದ, ನಾನು ಹಾಲು ಸುರೀತಾನೇ ಇದ್ದೆ" ಎಂದಳು ಕೋಚ್, ಸ್ಟೀರಿಂಗಿನ ಮೇಲೆ ಕೈಯಿಟ್ಟು ನಗುತ್ತಾ. "ಮೇಜೆಲ್ಲ ಹಾಲು. ಒರೆಸಿ ಹೋಗೋಣ ಅಂತ ಬಟ್ಟೆ ಹುಡುಕಿದೆ. ಅಷ್ಟು ವರ್ಷ ಆಡಿದ್ದಕ್ಕೆ ಅವತ್ತು ಅನ್ನಿಸಿದ್ದು ಅದೊಂದೇ, ಒರೆಸಿ ಹೋಗಬೇಕು."

ಆಮೇಲೆ ಹತ್ತು ವರ್ಷ ಯೂರೋಪು. ಹಂಗೆರಿ, ಇಟಲಿ, ಪೋಲೆಂಡು, ಕೊನೆಗೆ ಟರ್ಕಿ. ಅಲ್ಲೆಲ್ಲ ಹೆಂಗಸರ ಬ್ಯಾಸ್ಕೆಟ್‌ಬಾಲಿಗೆ ಊರೂರಲ್ಲಿ ಕ್ಲಬ್ಬುಗಳು. ಒಂದು ಸೂಟ್‌ಕೇಸು, ಒಂದು ಬಾಡಿಗೆ ಮನೆ, ಎಂಟು ತಿಂಗಳು, ಮತ್ತೆ ಬೇರೆ ಊರು. 'ಐಸು', 'ಮಂಡಿ', 'ಇನ್ನೆರಡು ನಿಮಿಷ' ಈ ಮೂರನ್ನು ಆಕೆ ನಾಲ್ಕು ಭಾಷೆಯಲ್ಲಿ ಹೇಳಬಲ್ಲಳು, ನಾಲ್ಕನೆಯ ಮಾತು ಯಾವುದರಲ್ಲೂ ಬರುವುದಿಲ್ಲ. ಪೋಲೆಂಡಿನ ಊರಿನಲ್ಲಿ ಕೆಳಗಿನ ಮನೆಯ ಮುದುಕಿ ಪ್ರತಿ ಪಂದ್ಯದ ನಂತರ ಬೀಟ್‌ರೂಟಿನ ಸಾರು ತಂದು ಬಾಗಿಲಲ್ಲಿಟ್ಟು ಹೋಗುತ್ತಿದ್ದಳಂತೆ. ಗೆದ್ದರೂ ಅದೇ ಸಾರು, ಸೋತರೂ ಅದೇ ಸಾರು. ಆ ಮುದುಕಿಗೆ ಆಟದಲ್ಲಿ ಯಾರು ಗೆದ್ದರೆಂದು ಕೇಳುವ ಅಭ್ಯಾಸವೇ ಇರಲಿಲ್ಲ.

"ಆಟ ಬಿಟ್ಟಿದ್ದು ಯಾಕೆ? ಮಂಡಿ ನೋವಿನಿಂದಲೇ?" ಎಂದು ಕೇಳಿದ್ದೆ ಒಂದು ಸಲ.

ಆಕೆ ಲೇನು ಬದಲಿಸಿ, ಕನ್ನಡಿ ನೋಡಿ, ಆಮೇಲೆ ಹೇಳಿದಳು. "ಟರ್ಕಿಯಲ್ಲಿ ಒಂದು ಪಂದ್ಯ. ನಾನು ತಡೀಬೇಕಾಗಿದ್ದ ಹುಡುಗಿಗೆ ಇಪ್ಪತ್ತು ವರ್ಷ ಇರಬಹುದು. ಮೂರು ಸಲ ಅವಳು ನನ್ನನ್ನು ದಾಟಿ ಹೋದಳು, ಮೂರು ಸಲವೂ ಅರ್ಧ ಸೆಕೆಂಡು ತಡ ನಾನು. ನಾಲ್ಕನೇ ಸಲ ಹೋಗುವಾಗ ಮೆಲ್ಲಗೆ 'ಸಾರಿ' ಅಂದಳು. ಕೊಬ್ಬಿನಿಂದಲ್ಲ, ನಿಜವಾಗಲೂ ಪಾಪ ಅನ್ನಿಸಿ ಅಂದಳು. ಮಂಡಿ ನೋವನ್ನು ಇನ್ನೆರಡು ವರ್ಷ ತಡ್ಕೋಬಹುದಿತ್ತು ಪ್ರೊಫೆಸರ್. ಅದನ್ನು ತಡ್ಕೊಳ್ಳಕ್ಕೆ ಆಗಲಿಲ್ಲ."

ವಾಪಸು ಬಂದು ತಾಯಿಯ ಮನೆಯಲ್ಲಿದ್ದುಕೊಂಡು ಶಾಲೆಗಳಲ್ಲಿ ಬದಲಿ ಕೆಲಸ, ಜಿಮ್ಮಿನಲ್ಲಿ ತರಬೇತಿ, ಏನೇನೋ ಮಾಡಿ ನಮ್ಮ ಕಾಲೇಜಿಗೆ ತಾತ್ಕಾಲಿಕ ಕೋಚಾಗಿ ಬಂದಿದ್ದಳು. ವರ್ಷ ವರ್ಷ ನವೀಕರಿಸುವ ಕೆಲಸ. ಮೊದಲ ವರ್ಷ ನಾವು ಗೆದ್ದದ್ದು ಮೂರು ಪಂದ್ಯ. ಎರಡನೆಯ ವರ್ಷ ಹನ್ನೊಂದು. ಏಳು ಜನರ ತಂಡ ಹನ್ನೆರಡಕ್ಕೆ ಏರಿತು.

ಆ ವಸಂತದಲ್ಲಿ ಒಂದು ಭಾನುವಾರ ಆಕೆಯನ್ನು ಊಟಕ್ಕೆ ಕರೆದೆ. ನನ್ನ ಗಂಡ ಬೆಳಿಗ್ಗೆಯಿಂದ ಕೋರಿ ರೊಟ್ಟಿಯ ತಯಾರಿಯಲ್ಲಿದ್ದರು. ಕೋಚ್ ಗರಿಗರಿ ರೊಟ್ಟಿಯನ್ನು ಮೊದಲು ಹಪ್ಪಳದಂತೆ ಕಡಿದಳು. ನನ್ನ ಗಂಡ ಕೋಳಿ ಸಾರು ಸುರಿದು ಮೆತ್ತಗಾಗುವವರೆಗೆ ಕಾಯಬೇಕು ಎಂದು ತೋರಿಸಿಕೊಟ್ಟರು. ಆಕೆ ಮೂರನೆಯ ಸಲ ಬಡಿಸಿಕೊಂಡಾಗ ಅವರ ಮುಖ ಅರಳಿತು. ನನ್ನ ಕಡೆ ತಿರುಗಿ, "ಇವರು ನಮ್ಮವರೇ ಮಾರಾಯ್ತಿ" ಎಂದರು.

ನಮ್ಮ ಹನ್ನೊಂದು ವರ್ಷದ ಮಗಳು ಊಟದುದ್ದಕ್ಕೂ ಕೋಚನ್ನು ನೋಡುತ್ತಲೇ ಇದ್ದಳು. ಕೊನೆಗೆ ಕೇಳಿಯೇಬಿಟ್ಟಳು. "ವರ್ ಯೂ ಫೇಮಸ್?"

"ಏಯ್, ಹಾಗೆಲ್ಲ ಕೇಳ್ತಾರೇನೇ?" ಎಂದೆ ನಾನು.

"ವಾಟ್? ಐ ಜಸ್ಟ್ ಆಸ್ಕ್ಡ್, ಅಮ್ಮಾ."

ಕೋಚ್ ಕೈ ತೊಳೆದುಕೊಂಡು ಬಂದು ಗಂಭೀರವಾಗಿ ಯೋಚಿಸಿದಳು. "ಪೋಲೆಂಡಿನಲ್ಲಿ ಒಂದು ಊರಿದೆ. ಆ ಊರಿನ ಒಂದು ರಸ್ತೆಯಲ್ಲಿ ಬೇಕರಿಯಿಂದ ಬಸ್ ಸ್ಟಾಪಿನವರೆಗೆ ನಾನು ಬಹಳ ಫೇಮಸ್ಸು. ಬೇಕರಿಯವನು ನನಗೆ ಅಂತ ಒಂದು ಬ್ರೆಡ್ಡು ಎತ್ತಿಡುತ್ತಿದ್ದ."

ಮಗಳಿಗೆ ಅಷ್ಟು ಸಾಕಾಯಿತು. ಸೋಮವಾರ ಸ್ಕೂಲಿನಲ್ಲಿ, ಪೋಲೆಂಡಿನಲ್ಲಿ ಫೇಮಸ್ ಆದವರು ನಮ್ಮ ಮನೆಗೆ ಬಂದಿದ್ದರು ಎಂದು ಹೇಳಿಕೊಂಡು ಬಂದಳು.

ಮೂರನೆಯ ವರ್ಷ ಆಗಸ್ಟಿನಲ್ಲಿ, ಸೆಮಿಸ್ಟರ್ ಶುರುವಾಗುವ ಹಿಂದಿನ ವಾರ, ಕೋಚ್ ಮತ್ತೆ ನನ್ನ ಆಫೀಸಿನ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಚೀಟಿಯಿತ್ತು.

"ಇಷ್ಟು ಬೇಗ ಯಾರದು?" ಎಂದೆ.

"ನಂದು."

ಕೂತು ವಿಷಯ ಹೇಳಿದಳು. ಕಾಲೇಜು ಆಕೆಯ ಹುದ್ದೆಯನ್ನು ಕಾಯಂ ಮಾಡುತ್ತಿದೆ. ವಸಂತದಲ್ಲಿ ಅರ್ಜಿ ಕರೆಯುತ್ತಾರೆ. ಆದರೆ ಕಾಯಂ ಹುದ್ದೆಗೆ ಪದವಿ ಇರಲೇಬೇಕು. ಬಾಕಿ ಉಳಿದಿದ್ದ ಎರಡು ವಿಷಯದಲ್ಲಿ ಒಂದನ್ನು ಬೇಸಿಗೆಯಲ್ಲೇ ಮುಗಿಸಿದ್ದಾಳೆ. ಉಳಿದದ್ದು ಸಂಖ್ಯಾಶಾಸ್ತ್ರ. ಅದನ್ನು ನಮ್ಮಲ್ಲೇ ಪಾಸು ಮಾಡಿದರೂ ಆಕೆಯ ಹಳೆಯ ಯೂನಿವರ್ಸಿಟಿ ಒಪ್ಪಿ ಪದವಿ ಕೊಡುತ್ತದೆ.

"ನನ್ನ ಹತ್ತಿರ ಬೇಡ. ಸ್ನೇಹಿತರಿಗೆ ಪಾಠ ಮಾಡೋದು ಕಷ್ಟ. ಬೇರೆ ಇಬ್ಬರು ಇದನ್ನೇ ಕಲಿಸ್ತಾರಲ್ಲ."

"ಅವರು ಬಹಳ ಒಳ್ಳೆಯವರು. ನನಗೆ ಮಾರ್ಕ್ಸ್ ಕೊಟ್ಟುಬಿಡ್ತಾರೆ" ಎಂದಳು. "ನೀನು ಕೊಡಲ್ಲ."

ಅದನ್ನು ಹೊಗಳಿಕೆ ಎಂದು ತಿಳಿಯಬೇಕೋ ಬೇಡವೋ ಎಂದು ನಾನು ಯೋಚಿಸುತ್ತಿದ್ದಾಗ ಆಕೆ ದನಿ ತಗ್ಗಿಸಿದಳು. "ಇನ್ನೊಂದು ಹೇಳ್ತೀನಿ. ಯೂನಿವರ್ಸಿಟಿಯಲ್ಲಿ ನಾನು ಇದನ್ನು ಎರಡು ಸಲ ತಗೊಂಡು ಎರಡು ಸಲವೂ ಮಧ್ಯದಲ್ಲಿ ಬಿಟ್ಟೆ. ಲೀಗಿನವರು ಕರೆದರು ಅಂತ ಓದು ಬಿಟ್ಟೆ ಅಂತ ಎಲ್ಲರಿಗೂ ಹೇಳ್ತೀನಲ್ಲ, ಅದು ಅರ್ಧ ನಿಜ. ಲೀಗಿನವರು ಕರೆಯದೇ ಇದ್ದಿದ್ದರೂ ನಾನು ಓಡಿಹೋಗ್ತಿದ್ದೆ."

ನನ್ನ ಕ್ಲಾಸಿಗೆ ಸೇರುವ ಆ ಚೀಟಿಗೆ ನಾನು ಸಹಿ ಹಾಕಿದೆ.

ನಮ್ಮ ಕ್ಲಾಸ್‌ರೂಮುಗಳಲ್ಲಿ ಕುರ್ಚಿಗೇ ಅಂಟಿಕೊಂಡ ಪುಟ್ಟ ಮೇಜುಗಳಿವೆ. ಆಕೆ ಅದರೊಳಗೆ ಎರಡು ಕಾಲು ತೂರಿಸಿ ಕೂತಾಗ ಮೇಜೇ ಮೇಲೆದ್ದಿತು. ಮೊದಲ ದಿನ ಕ್ಲಾಸಿನಲ್ಲಿದ್ದ ಆಕೆಯದೇ ತಂಡದ ನಾಲ್ವರು ಹುಡುಗಿಯರು, ಕೋಚ್ ತಮ್ಮನ್ನು ಕಾಯಲು ಬಂದಿದ್ದಾರೆ ಎಂದುಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತರು. ಹಾಜರಿ ಕರೆಯುವಾಗ ಆಕೆ "ಇದ್ದೇನೆ" ಎಂದದ್ದು ಕೇಳಿ ನಾಲ್ವರೂ ಒಟ್ಟಿಗೆ ಹಿಂತಿರುಗಿ ನೋಡಿದರು.

ಮೊದಲ ಟೆಸ್ಟಿನಲ್ಲಿ ಆಕೆಗೆ ಬಂದದ್ದು ನೂರಕ್ಕೆ ನಲವತ್ತೊಂದು.

ಪೇಪರನ್ನು ಮಡಿಸಿ ಕೊಟ್ಟೆ. ಆಕೆ ಬಿಚ್ಚಿ ನೋಡಿ, ಮತ್ತೆ ಮಡಿಸಿ, ಅಂಗಿಯ ಜೇಬಿಗಿಟ್ಟುಕೊಂಡು ಹೊರಟುಹೋದಳು. ಮಾರನೆಯ ಬೆಳಿಗ್ಗೆ ಸ್ಕೋರ್ ಬುಕ್ ಕೊಡಲೆಂದು ಜಿಮ್ಮಿಗೆ ಹೋದವಳು ಬಾಗಿಲಲ್ಲೇ ನಿಂತೆ. ತಂಡದಲ್ಲಿ ಒಂದು ನಿಯಮವಿತ್ತು. ಟೆಸ್ಟಿನಲ್ಲಿ ಅರವತ್ತಕ್ಕಿಂತ ಎಷ್ಟು ಕಡಿಮೆ ಬರುತ್ತದೋ ಅಷ್ಟು ಸಲ ಕೋರ್ಟಿನ ಈ ತುದಿಯಿಂದ ಆ ತುದಿಗೆ ಓಡಬೇಕು. ಕೋಚ್ ಹುಡುಗಿಯರನ್ನೆಲ್ಲ ಗೋಡೆಗೆ ಸಾಲಾಗಿ ಕೂರಿಸಿ, "ನನಗೆ ನಲವತ್ತೊಂದು. ಎಣಿಸಿ" ಎಂದು ಓಡಲು ಶುರುಮಾಡಿದಳು.

ಮೊದಮೊದಲು ಹುಡುಗಿಯರು ನಗುತ್ತಾ ಚಪ್ಪಾಳೆ ತಟ್ಟುತ್ತಾ ಎಣಿಸಿದರು. ಆರನೆಯ ಓಟಕ್ಕೆ ನಗು ನಿಂತಿತು. ಆಕೆಯ ಎಡಗಾಲು ಒಂದು ಪಕ್ಕಕ್ಕೆ ಎಳೆಯುತ್ತಿತ್ತು. ತಂಡದ ಅತಿ ಗಿಡ್ಡ ಹುಡುಗಿ ತಾನೂ ಜೊತೆಗೆ ಓಡಲು ಎದ್ದಳು.

"ಕೂತ್ಕೋ" ಎಂದಳು ಕೋಚ್, ಏದುಸಿರಿನ ನಡುವೆ. "ಇದು ನನ್ನ ಮಾರ್ಕು. ನಿಂದು ಎಂಬತ್ತೆರಡು."

ಹತ್ತೊಂಬತ್ತನ್ನೂ ಮುಗಿಸಿದಳು. ಸಂಜೆ ಮಂಡಿ ಊದಿ ಕುಂಬಳಕಾಯಿಯಾಗಿತ್ತು. ಆಮೇಲೆ ಒಂದು ವಾರ ಕುರ್ಚಿಯ ಮೇಲೆ ಕಾಲು ಚಾಚಿಕೊಂಡೇ ಅಭ್ಯಾಸ ಮಾಡಿಸಿದಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆಕೆಯ ಆಫೀಸಿಗೆ ಹೋಗಿ ಬಾಗಿಲು ಹಾಕಿಕೊಂಡೆ. "ಓಡಿದರೆ ಸ್ಟಾಟಿಸ್ಟಿಕ್ಸ್ ಬರುತ್ತಾ? ಬರೋದಾಗಿದ್ದರೆ ನಿನ್ನ ಹುಡುಗಿಯರೆಲ್ಲ ಇಷ್ಟೊತ್ತಿಗೆ ಪಂಡಿತರಾಗಿರಬೇಕಿತ್ತು. ಮೂರು ವರ್ಷದಿಂದ ಓಡಿಸ್ತಾ ಇದ್ದೀಯಲ್ಲ, ಯಾರಿಗಾದರೂ ಅದರಿಂದ ಒಂದು ಮಾರ್ಕು ಜಾಸ್ತಿ ಬಂತಾ?"

"ನಿಯಮ ಅಂದರೆ ನಿಯಮ. ನನಗೂ ಒಂದೇ, ಅವರಿಗೂ ಒಂದೇ."

"ಹಾಗಾದರೆ ನಿಯಮವೇ ಸರಿ ಇಲ್ಲ."

ಕೋಚ್ ಮಂಡಿಯ ಮೇಲಿದ್ದ ಐಸಿನ ಚೀಲವನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದಳು. ಇಷ್ಟು ಗಟ್ಟಿಯಾಗಿ ನಾನು ಆಕೆಯ ಹತ್ತಿರ ಯಾವತ್ತೂ ಮಾತಾಡಿರಲಿಲ್ಲ. ಬಾಗಿಲು ತೆರೆದು ಹೊರಬಂದೆ.

ಮುಂದಿನ ಮಂಗಳವಾರ ಅಭ್ಯಾಸ ಮುಗಿದ ಮೇಲೆ ತಂಡಕ್ಕೆ ಹೊಸ ನಿಯಮ ಬಂತು. ಓಟ ರದ್ದು. ಅರವತ್ತಕ್ಕಿಂತ ಕಡಿಮೆ ಬಂದವರು ಮಂಗಳವಾರ, ಗುರುವಾರ ಒಂದು ಗಂಟೆ ಜಿಮ್ಮಿನ ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂರಬೇಕು. ಯಾರು ಹೇಳಿಕೊಡುತ್ತಾರೆ ಎಂದು ಕೇಳಿದ್ದಕ್ಕೆ ಕೋಚ್ ನನ್ನ ಆಫೀಸಿನ ಕಡೆ ಬೆರಳು ಮಾಡಿದಳಂತೆ. ನನಗೆ ಅದನ್ನು ತಿಳಿಸಿದ್ದು ಹುಡುಗಿಯರು.

ಆ ಮೆಟ್ಟಿಲ ಮೇಲೆಯೇ ಆಕೆಗೆ ಮೊದಲ ಸಲ ಒಂದು ವಿಷಯ ಹೊಳೆದದ್ದು. ಸ್ಟ್ಯಾಂಡರ್ಡ್ ಡೀವಿಯೇಷನ್ ಎಂದರೆ ಏನೆಂದು ನಾನು ಮೂರು ವಿಧದಲ್ಲಿ ಹೇಳಿ ಸೋತಿದ್ದೆ. ಸಂಕೇತಗಳನ್ನು ಕಂಡ ಕೂಡಲೇ ಆಕೆಯ ಕಣ್ಣು ಬೇರೆಲ್ಲೋ ಹೋಗುತ್ತಿತ್ತು. ಅಂದು ನಾನು ಪುಸ್ತಕ ಮುಚ್ಚಿ ಆಕೆಯ ನೋಟ್‌ಬುಕ್ಕನ್ನೇ ತೆಗೆದುಕೊಂಡೆ. ಪ್ರತಿ ದಿನದ ಅಭ್ಯಾಸದ ಕೊನೆಗೆ ಪ್ರತಿ ಹುಡುಗಿಯೂ ಹತ್ತು ಫ್ರೀ ಥ್ರೋ ಹೊಡೆಯಬೇಕಿತ್ತು. ಫೌಲ್ ಆದಾಗ ಯಾರೂ ಅಡ್ಡ ಬರದಂತೆ ಗೆರೆಯ ಮೇಲೆ ನಿಂತು ಹೊಡೆಯುವ ಬಾಲು ಅದು. ಹತ್ತರಲ್ಲಿ ಎಷ್ಟು ಬುಟ್ಟಿಗೆ ಬಿತ್ತು ಎನ್ನುವುದು ಅಲ್ಲಿ ಬರೆದಿತ್ತು. ಗಿಡ್ಡ ಹುಡುಗಿಯದು ಏಳು, ಏಳು, ಆರು, ಎಂಟು, ಏಳು. ಇನ್ನೊಬ್ಬಳು ಎಡಗೈಯವಳು. ಅವಳದು ಹತ್ತು, ನಾಲ್ಕು, ಒಂಬತ್ತು, ಐದು, ಏಳು.

"ಇಬ್ಬರ ಸರಾಸರಿ ತೆಗಿ" ಎಂದೆ.

ತೆಗೆದಳು. "ಇಬ್ಬರದೂ ಏಳು."

"ಹಾಗಾದರೆ ಇಬ್ಬರೂ ಒಂದೇನಾ?"

"ಒಂದೇ ಹೇಗಾಗುತ್ತೆ? ಇವಳನ್ನು ಕಣ್ಣು ಮುಚ್ಚಿ ನಂಬಬಹುದು. ಅವಳು ಇವತ್ತು ಏನು ಮಾಡ್ತಾಳೆ ಅಂತ ಅವಳ ಅಮ್ಮನಿಗೂ ಗೊತ್ತಿರಲ್ಲ."

"ಆ ವ್ಯತ್ಯಾಸವನ್ನು ಒಂದು ನಂಬರಿನಲ್ಲಿ ಹೇಳು ಅಂದರೆ?"

ಆಕೆ ನನ್ನನ್ನು ನೋಡಿದಳು. ನೋಟ್‌ಬುಕ್ ನೋಡಿದಳು. "ಇದಾ?" ಎಂದಳು. "ಇಷ್ಟೇನಾ? ಇದನ್ನು ನಾನು ಇಪ್ಪತ್ತು ವರ್ಷದಿಂದ ಮಾಡ್ತಾ ಇದ್ದೀನಲ್ಲ! ಮೊದಲೇ ಹೀಗೆ ಹೇಳಬಾರದಾಗಿತ್ತಾ?" ಎದ್ದು ನಿಂತು, ಮೆಟ್ಟಿಲ ಮೇಲಿದ್ದ ಎಲ್ಲರಿಗೂ ಕೇಳುವಂತೆ ಅದನ್ನು ವಿವರಿಸತೊಡಗಿದಳು. ನಾನು ಮಾಡಿದ್ದಕ್ಕಿಂತ ಚೆನ್ನಾಗಿತ್ತು. ಆ ನೋಟ್‌ಬುಕ್ಕಿನ ಎರಡು ಸಾಲನ್ನು ಈಗಲೂ ನಾನು ಕ್ಲಾಸಿನಲ್ಲಿ ಬಳಸುತ್ತೇನೆ.

ಎರಡನೆಯ ಟೆಸ್ಟಿನಲ್ಲಿ ಎಪ್ಪತ್ತಮೂರು ಬಂತು. ಆ ಪೇಪರು ಆಕೆಯ ಆಫೀಸಿನ ಗೋಡೆಗೇರಿತು, ಯೂರೋಪಿನ ತಂಡಗಳ ಫೋಟೋಗಳ ನಡುವೆ.

ಹೊಸದಾಗಿ ಕಲಿತದ್ದರ ಮೇಲೆ ಎಲ್ಲರಿಗೂ ಇರುವ ಮೋಹ ಆಕೆಗೂ ಬಂತು. ಡಿಸೆಂಬರಿನ ಒಂದು ಪಂದ್ಯ ಮುಗಿಯಲು ಒಂದು ನಿಮಿಷವಿರುವಾಗ ನಾವು ಒಂದು ಪಾಯಿಂಟು ಹಿಂದಿದ್ದೆವು. ಎದುರು ತಂಡದ ಕೋಚ್ ರೆಫರಿಯ ಮೇಲೆ ಕೂಗಾಡಿದ್ದಕ್ಕೆ ನಮಗೆ ಎರಡು ಫ್ರೀ ಥ್ರೋ ಸಿಕ್ಕವು. ಅಂಥ ಸಂದರ್ಭದಲ್ಲಿ ಯಾರು ಹೊಡೆಯಬೇಕೆಂದು ಕೋಚೇ ಆರಿಸಬಹುದು. ಅಂದು ಎಡಗೈಯವಳು ಒಳ್ಳೆಯ ಲಯದಲ್ಲಿದ್ದಳು, ಹೊಡೆದದ್ದೆಲ್ಲ ಬುಟ್ಟಿಗೆ. ಅವಳು ಆಗಲೇ ಗೆರೆಯ ಕಡೆ ನಡೆಯುತ್ತಿದ್ದಳು. ಕೋಚ್ ಅವಳನ್ನು ತಡೆದು ಗಿಡ್ಡ ಹುಡುಗಿಯನ್ನು ಕರೆದಳು. ಸ್ಕೋರ್ ಮೇಜಿನಲ್ಲಿದ್ದ ನನ್ನತ್ತ ಒಂದು ನೋಟ ಎಸೆದಳು, ನೋಡಿದೆಯಾ ಎನ್ನುವಂತೆ.

ಗಿಡ್ಡ ಹುಡುಗಿ ಎರಡನ್ನೂ ತಪ್ಪಿಸಿದಳು. ನಾವು ಸೋತೆವು.

ವ್ಯಾನು ಅರ್ಧ ದಾರಿ ಬಂದ ಮೇಲೆ ಕೋಚ್ ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದಳು. "ಪ್ರೊಫೆಸರ್, ನಿನ್ನ ನಂಬರು."

"ನಂಬರು ಸರಿಯಾಗೇ ಇದೆ. ಎರಡೇ ಎರಡು ಬಾಲಿಗೆ ಅದು ಯಾವ ಭರವಸೆಯೂ ಕೊಡಲ್ಲ. ಆರನೇ ಅಧ್ಯಾಯ. ನೀನಿನ್ನೂ ಓದಿಲ್ಲ."

ಹಿಂದಿನ ಸೀಟಿನಿಂದ ಗಿಡ್ಡ ಹುಡುಗಿಯ ಅಳು ಮಿಶ್ರಿತ ನಗು ಕೇಳಿತು. ಎಡಗೈಯವಳು ಅವಳ ಹೆಗಲಿಗೆ ಒರಗಿ ಆಗಲೇ ನಿದ್ದೆ ಹೋಗಿದ್ದಳು. ಮರುದಿನ ಕೋಚ್ ಎಡಗೈಯವಳನ್ನು ಎಲ್ಲರೆದುರು ಕರೆದು, "ನಿನ್ನೆ ನಾನು ಕೋರ್ಟನ್ನು ನೋಡಬೇಕಿತ್ತು, ನೋಟ್‌ಬುಕ್ ನೋಡಿದೆ. ತಪ್ಪು ನಂದು" ಎಂದಳು. ಕೋಚುಗಳು ಹಾಗೆ ಹೇಳುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಕೊನೆಯ ಪರೀಕ್ಷೆ ಅದರ ಮುಂದಿನ ವಾರ. ಎರಡು ಗಂಟೆಯ ಪರೀಕ್ಷೆಯಲ್ಲಿ ಆಕೆಯ ಹುಡುಗಿಯರು ಒಬ್ಬೊಬ್ಬರಾಗಿ ಪೇಪರು ಕೊಟ್ಟು ಹೋದರು. ಕೊನೆಯ ನಿಮಿಷದವರೆಗೆ ಕೂತದ್ದು ಆಕೆಯೊಬ್ಬಳೇ. ಪೇಪರು ಕೊಡುವಾಗ ನನ್ನ ಮುಖ ನೋಡಲಿಲ್ಲ.

ಹೆಸರು ಕಾಣದಂತೆ ಎಲ್ಲ ಪೇಪರಿನ ಮೊದಲ ಪುಟ ಮಡಿಸಿ ತಿದ್ದಿದೆ. ಏನು ಪ್ರಯೋಜನ? ಅಷ್ಟು ದೊಡ್ಡ ಅಕ್ಷರ ಬೇರೆ ಯಾರದೂ ಇರಲಿಲ್ಲ. ಒಟ್ಟು ಎಪ್ಪತ್ತು ಬಂದರೆ ಪಾಸು. ಟೆಸ್ಟು, ಮನೆಕೆಲಸ, ಪರೀಕ್ಷೆ ಎಲ್ಲ ಕೂಡಿಸಿ ನೋಡಿದರೆ ಎಪ್ಪತ್ತೆರಡು. ನಾನು ಅಡುಗೆಮನೆಗೆ ಹೋಗಿ ಕಾಫಿ ಮಾಡಿಕೊಂಡು ಬಂದೆ. ಸ್ನೇಹಿತೆ ಎನ್ನುವ ಕಾರಣಕ್ಕೆ ಕೈ ಸಡಿಲವಾಯಿತೇ ಎಂಬ ಅನುಮಾನದಿಂದ ಮತ್ತೊಮ್ಮೆ ಲೆಕ್ಕ ಹಾಕಿದೆ. ಒಂದು ಉತ್ತರದ ಮಾರ್ಕನ್ನು ಎರಡು ಸಲ ಕೂಡಿದ್ದೆ. ಒಟ್ಟು ಎಪ್ಪತ್ತೊಂದಕ್ಕೆ ಇಳಿಯಿತು. ಮೂರನೆಯ ಸಲ ಬೆರಳಿಟ್ಟು ಒಂದೊಂದಾಗಿ ಕೂಡಿದೆ. ಎಪ್ಪತ್ತೊಂದೇ.

ಮಾರನೆಯ ದಿನ ಜಿಮ್ಮಿನ ಹೊರಗಿನ ಬೆಂಚಿನಲ್ಲಿ ಆಕೆಗೆ ಹೇಳಿದೆ, ಇಳಿಸಿದ್ದನ್ನೂ ಸೇರಿಸಿ.

"ಪಾಸಾಗಿದ್ದೆ. ಅದು ಗೊತ್ತಿದ್ದೂ ಒಂದು ಮಾರ್ಕು ಕಿತ್ಕೊಂಡೆಯಾ?"

"ಹೂಂ. ತಪ್ಪು ಕೂಡಿದ್ದೆ."

ಆಕೆ ನಗಲು ಶುರುಮಾಡಿದವಳು ನಿಲ್ಲಿಸಲಿಲ್ಲ. ಕಣ್ಣಲ್ಲಿ ನೀರು ಬಂತು. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಉದ್ದನೆಯ ಬೆನ್ನು ಬಾಗಿಸಿ, ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಳು. ನಾನು ಬೆನ್ನ ಮೇಲೆ ಕೈಯಿಟ್ಟು ಕೂತೆ. ಸ್ವಲ್ಪ ಹೊತ್ತಿನ ನಂತರ ಫೋನು ತೆಗೆದು ತಾಯಿಗೆ ಕರೆ ಮಾಡಿದಳು. "ಅಮ್ಮಾ, ಮುಗೀತು" ಎಂದಳು. ಆ ಕಡೆಯಿಂದ ಏನು ಬಂತೋ, "ಇಲ್ಲ, ಆಟ ಅಲ್ಲ. ಓದು" ಎಂದಳು.

ಪದವಿ ಪತ್ರ ಮಾರ್ಚಿನಲ್ಲಿ ಅಂಚೆಯಲ್ಲಿ ಬಂತು. ಅರ್ಜಿ ಹಾಕಿದ್ದವರು ಹಲವರು, ಅವರಲ್ಲಿ ಆಕೆಗಿಂತ ಹೆಚ್ಚು ಪಂದ್ಯ ಗೆದ್ದ ಕೋಚುಗಳೂ ಇದ್ದರು. ಆಯ್ಕೆ ಸಮಿತಿಯ ಮುಂದೆ, ನಿಮ್ಮ ದೊಡ್ಡ ಸಾಧನೆ ಏನು ಎಂದು ಕೇಳಿದಾಗ, ದೊಡ್ಡ ಲೀಗಿನ ಮಾತು ಬಿಟ್ಟು, ಮೂರು ವರ್ಷದಲ್ಲಿ ತನ್ನ ತಂಡದಿಂದ ದೊಡ್ಡ ಯೂನಿವರ್ಸಿಟಿಗೆ ದಾಟಿದ ಹುಡುಗಿಯರ ಬಗ್ಗೆಯೇ ಮಾತಾಡಿದಳಂತೆ. ಕೆಲಸ ಆಕೆಗೇ ಸಿಕ್ಕಿತು. ಸುದ್ದಿ ಬಂದ ಸಂಜೆ ನಮ್ಮ ಮನೆಯಲ್ಲಿ ಆಕೆಯೂ ಆಕೆಯ ತಾಯಿಯೂ ಊಟ ಮಾಡಿದರು. ನಿವೃತ್ತ ಬಸ್ ಡ್ರೈವರಮ್ಮನಿಗೂ ನನ್ನ ಗಂಡನಿಗೂ ಬೇ ಏರಿಯಾದ ರಸ್ತೆಗಳ ಬಗ್ಗೆ ಎರಡು ಗಂಟೆ ಮಾತು ಸಾಗಿತು. ಇಲ್ಲಿಯದೇ ಊರಾದ ಡಬ್ಲಿನ್ ಕಡೆಗೆ ಹೋಗುವ ಘಟ್ಟದಲ್ಲಿ ಯಾವ ಲೇನಿನಲ್ಲಿರಬೇಕು ಎನ್ನುವುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ ಬರಲಿಲ್ಲ.

ಗಿಡ್ಡ ಹುಡುಗಿ ಈಗ ನರ್ಸು. ಎಡಗೈಯವಳು ಇನ್ನೊಂದು ಯೂನಿವರ್ಸಿಟಿಯಲ್ಲಿ ಎರಡು ವರ್ಷ ಆಡಿ, ಹೋದ ವರ್ಷ ಪೋರ್ಚುಗಲ್ಲಿನ ಒಂದು ಕ್ಲಬ್ಬಿಗೆ ಹೋದಳು. ಹೋಗುವ ಮುಂಚೆ ಬಂದಾಗ ಕೋಚ್ ಅವಳಿಗೆ 'ಐಸು', 'ಮಂಡಿ', 'ಇನ್ನೆರಡು ನಿಮಿಷ' ಇವನ್ನು ಪೋರ್ಚುಗೀಸಿನಲ್ಲಿ ಬರೆದುಕೊಟ್ಟಳು, ಯಾರನ್ನೋ ಕೇಳಿ.

ಹೋದ ಬೇಸಿಗೆಯಲ್ಲಿ ಕೋಚ್ ಕೊನೆಗೂ ಮಂಡಿಯ ಆಪರೇಷನ್ ಮಾಡಿಸಿಕೊಂಡಳು. ಆಸ್ಪತ್ರೆಯಿಂದ ಕರೆತಂದದ್ದು ನಾವು. ಡಾಕ್ಟರು ಹೇಳಿದ್ದು, ಈ ಋತುವಿನಲ್ಲಿ ಪಂದ್ಯದ ಹೊತ್ತು ಕೂತೇ ಇರಬೇಕು, ಕೋರ್ಟಿನ ಅಂಚಿನಲ್ಲಿ ಓಡಾಡುವಂತಿಲ್ಲ. ಮಾಮೂಲಿ ಕುರ್ಚಿಯಲ್ಲಿ ಕೂತರೆ ಏಳಲು ಕಷ್ಟ ಎಂದು ಬಯಾಲಜಿ ಲ್ಯಾಬಿನಿಂದ ಒಂದು ಎತ್ತರದ ಸ್ಟೂಲು ತರಿಸಿ ಬೆಂಚಿನ ಪಕ್ಕ ಇಟ್ಟೆವು. ನವೆಂಬರಿನ ಮೊದಲ ಪಂದ್ಯಕ್ಕೆ ಆಕೆ ಅದರ ಮೇಲೆ ಕೈಕಟ್ಟಿ ಕೂತಳು. ಹೊಸ ಹುಡುಗಿಯರು ತಿರುತಿರುಗಿ ನೋಡಿದರು. ಆಕೆಯ ತಾಯಿ ಮೇಲಿನ ಮೆಟ್ಟಿಲಿನಿಂದ "ಕೂತೇ ಇರು!" ಎಂದು ಕೂಗಿದಳು.

ಸ್ಕೋರ್ ಬುಕ್ಕಿನ ಅಂಚಿನಲ್ಲಿ ನಾನು ಸಣ್ಣದಾಗಿ ಬರೆದಿಟ್ಟಿದ್ದೇನೆ. ನಾಲ್ಕು ನಿಮಿಷ ಹತ್ತು ಸೆಕೆಂಡು ಅಷ್ಟೇ ಕೂತಿದ್ದಳು.